ನೆಲದ ಒಲೆಯಿಂದ ಕಟ್ಟೆಯ ಒಲೆಗೆ: ಕರ್ನಾಟಕದ ಅಡುಗೆಮನೆಯ ಮರುವಿನ್ಯಾಸದ ಚರಿತ್ರೆ

ಪೀಠಿಕೆ

ಹಳೆಯ ಮನೆಯನ್ನು ಹೊಸದು ಮಾಡಲು ಹೊರಟ ಕುಟುಂಬ ಇಂದು ಮೊದಲು ಕೈಯಿಡುವುದು ಅಡುಗೆಮನೆಗೆ. ಜಗಲಿ, ಪಡಸಾಲೆ, ಕೋಣೆಗಳಿಗೆ ಸುಣ್ಣಬಣ್ಣ ಸಾಕಾದೀತು. ಅಡುಗೆಮನೆಯನ್ನು ಮಾತ್ರ ಬುಡದಿಂದಲೇ ಬದಲಿಸಬೇಕಾಗುತ್ತದೆ. ಒಲೆ ಎಲ್ಲಿರಬೇಕು, ಕಟ್ಟೆ ಎಷ್ಟು ಎತ್ತರವಿರಬೇಕು, ನೀರು ಯಾವ ಕಡೆಯಿಂದ ಬರಬೇಕು, ಹೊಗೆ ಎಲ್ಲಿಂದ ಹೋಗಬೇಕು ಎಂಬುವು ಮೇಲ್ನೋಟಕ್ಕೆ ಮನೆಯವರೂ ಗಾರೆಯವರೂ ಕೂತು ಬಗೆಹರಿಸಿಕೊಳ್ಳುವ ವ್ಯಾವಹಾರಿಕ ಪ್ರಶ್ನೆಗಳು. ಆದರೆ ಕಳೆದ ನೂರು ವರ್ಷಗಳಲ್ಲಿ ಕರ್ನಾಟಕದ ಮನೆಗಳು ಈ ಪ್ರಶ್ನೆಗಳಿಗೆ ಕಂಡುಕೊಂಡ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ, ಅಲ್ಲಿ ಹೆಣ್ಣಿನ ದುಡಿಮೆಯ, ಜಾತಿಯ, ಆರೋಗ್ಯದ ಮತ್ತು ಸರ್ಕಾರದ ಯೋಜನೆಗಳ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ.

ಕನ್ನಡ ಜಾನಪದ ಅಧ್ಯಯನವು ಅಡುಗೆಯ ಬಗೆಗೆ ಸಾಕಷ್ಟು ಬರೆದಿದೆ; ಅಡುಗೆಮನೆಯ ಬಗೆಗೆ ಬರೆದದ್ದು ಕಡಿಮೆ. ತಿನಿಸುಗಳ ಪಟ್ಟಿ, ಹಬ್ಬದ ಊಟ, ಪಾತ್ರೆಪರಡಿಗಳ ವಿವರಣೆ ದೊರೆಯುತ್ತವೆ. ಆ ಪಾತ್ರೆ ಎಷ್ಟು ಎತ್ತರದಲ್ಲಿತ್ತು, ಅದರ ಮುಂದೆ ಹೆಂಗಸು ಹೇಗೆ ಕೂರುತ್ತಿದ್ದಳು, ನೀರಿನ ಕೊಡಕ್ಕೂ ಒಲೆಗೂ ಎಷ್ಟು ದೂರವಿತ್ತು ಎಂಬ ಸಂಗತಿಗಳು ಹೆಚ್ಚಾಗಿ ದಾಖಲಾಗಿಲ್ಲ. ಪ್ರಸ್ತುತ ಲೇಖನವು ಈ ಕೊರತೆಯನ್ನು ಗಮನದಲ್ಲಿಟ್ಟುಕೊಂಡು ನಮ್ಮ ಅಡುಗೆಮನೆಯ ಸ್ಥಿತ್ಯಂತರವನ್ನು ಮೂರು ಘಟನೆಗಳ ಮೂಲಕ ಗುರುತಿಸಲು ಯತ್ನಿಸುತ್ತದೆ: ಕಲ್ಲು ಹೊರಗೆ ಹೋಯಿತು, ಬೆಂಕಿ ಮೇಲೇರಿತು, ನೀರು ಒಳಗೆ ಬಂತು. ಈ ಮೂರೂ ಬದಲಾವಣೆಗಳಿಗೆ ನಕ್ಷೆ ಹಾಕಿದವರು ಬಹುಪಾಲು ಒಲೆಯ ಮುಂದೆ ಕೂರದವರು. ಆ ನಕ್ಷೆಗಳನ್ನು ತಿದ್ದಿ ಬಳಕೆಗೆ ತಂದವರು ಒಲೆಯ ಮುಂದೆ ಕೂತವರು. ಈ ತಿದ್ದುಪಡಿಯನ್ನು ಜನಪದರ ಜ್ಞಾನವೆಂದು ಪರಿಗಣಿಸಬೇಕೆಂಬುದು ಇಲ್ಲಿನ ಪ್ರತಿಪಾದನೆ.

ಒಲೆ ಎಂಬ ಅಳತೆಗೋಲು

ಕನ್ನಡದ ಮನಸ್ಸಿನಲ್ಲಿ ಒಲೆ ಬರಿಯ ಉಪಕರಣವಲ್ಲ, ಕುಟುಂಬದ ಘಟಕ. ಅಣ್ಣತಮ್ಮಂದಿರು ಪಾಲಾದರೆ ‘ಬೇರೆ ಒಲೆ ಹೂಡಿದರು’ ಎನ್ನುತ್ತೇವೆ. ಒಂದೇ ಸೂರಿನಡಿ ಎರಡು ಒಲೆ ಉರಿದರೆ ಅಲ್ಲಿ ಎರಡು ಸಂಸಾರಗಳಿವೆ ಎಂದೇ ಅರ್ಥ. ‘ಆ ಮನೆಯಲ್ಲಿ ಒಲೆ ಹೊತ್ತಿಲ್ಲ’ ಎಂಬ ಮಾತು ಹಸಿವನ್ನೋ ಸಾವನ್ನೋ ಸೂಚಿಸುತ್ತದೆ. ಸಾವಾದ ಮನೆಗೆ ನೆಂಟರೋ ನೆರೆಯವರೋ ಅನ್ನ ತಂದುಕೊಡುವ ರೂಢಿ ಅನೇಕ ಸಮುದಾಯಗಳಲ್ಲಿದೆ. ಹೊಸ ಮನೆ ಹೊಕ್ಕಾಗ ಮೊದಲು ಹಾಲುಕ್ಕಿಸುವುದೂ ಒಲೆಯ ಮೇಲೆಯೇ. ಇಂದು ಅನಿಲದ ಒಲೆಯ ಮೇಲೂ ಅದೇ ಶ್ರದ್ಧೆಯಿಂದ ಹಾಲುಕ್ಕಿಸುವುದನ್ನು ನೋಡಿದರೆ ವಸ್ತು ಬದಲಾದರೂ ಅದರ ಸ್ಥಾನ ಬದಲಾಗದೆಂಬುದು ಸ್ಪಷ್ಟವಾಗುತ್ತದೆ.

ಒಲೆಯ ರೂಪಗಳು ಹಲವು. ಮೂರು ಕಲ್ಲುಗಳನ್ನು ಮುಕ್ಕೋಣವಾಗಿ ಇಟ್ಟದ್ದು ಎಲ್ಲಕ್ಕಿಂತ ಸರಳವಾದುದು. ಜಾತ್ರೆಗೆ, ಸುಗ್ಗಿಯ ಕಣಕ್ಕೆ, ಗುಳೆ ಹೋದವರ ಬಿಡಾರಕ್ಕೆ ಅದೇ ಆಸರೆ. ಮನೆಯೊಳಗೆ ಮಣ್ಣಿನಿಂದ ಕಟ್ಟಿದ ಒಲೆಯುಂಟು. ಅದರ ಉರಿಯ ಉಳಿಕೆಯನ್ನು ಪಕ್ಕದ ಪಾತ್ರೆಗೆ ಹರಿಸುವ ಕೋಡೊಲೆ ಉಂಟು: ಮುಂದಿನ ಒಲೆಯಲ್ಲಿ ಅನ್ನ ಕುದಿಯುವಾಗ ಕೋಡಿನ ಮೇಲೆ ಸಾರು ಬಿಸಿಯಾಗುತ್ತದೆ. ಇದ್ದಿಲಿನ ಅಗ್ಗಿಷ್ಟಿಕೆ, ಮರದ ಹೊಟ್ಟನ್ನು ತುರುಕಿ ಉರಿಸುವ ಒಲೆ, ಸೀಮೆಎಣ್ಣೆಯ ಬತ್ತಿ ಸ್ಟೌ, ಪಂಪ್ ಸ್ಟೌಗಳು ಪೇಟೆಯ ಜೀವನದೊಂದಿಗೆ ಸೇರಿಕೊಂಡವು. ಮಣ್ಣಿನ ಒಲೆಯನ್ನು ಹಾಕುವವಳು, ಸಾರಿಸುವವಳು, ಬಿರುಕು ಮುಚ್ಚುವವಳು ಮನೆಯ ಹೆಂಗಸೇ. ತನ್ನ ಪಾತ್ರೆಗೆ ತಕ್ಕ ಬಾಯಿ, ತನಗೆ ಸಿಗುವ ಸೌದೆಗೆ ತಕ್ಕ ಅಗಲ, ತನ್ನ ಕೈಗೆ ಎಟಕುವ ಎತ್ತರ ಇವನ್ನೆಲ್ಲ ಅವಳು ಗೇಣು, ಮೊಳ, ಬೆರಳುಗಳಲ್ಲಿ ಅಳೆದಳು. ಆದುದರಿಂದ ಸಾಂಪ್ರದಾಯಿಕ ಅಡುಗೆಮನೆಯಲ್ಲಿ ಒಲೆಯ ಮಟ್ಟಿಗಾದರೂ ನಕ್ಷೆ ಹಾಕುವವಳೂ ಬಳಸುವವಳೂ ಒಬ್ಬಳೇ ಆಗಿದ್ದಳು.

ಶಾಸ್ತ್ರದ ಅಡುಗೆಮನೆ

ಲಿಖಿತ ಪರಂಪರೆಯಲ್ಲಿ ಅಡುಗೆಮನೆಗೆ ಬೇರೆಯದೇ ಚಿತ್ರವಿದೆ. ಇಮ್ಮಡಿ ಚಾವುಂಡರಾಯನ ೧೧ನೆಯ ಶತಮಾನದ ‘ಲೋಕೋಪಕಾರ’, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ೧೨ನೆಯ ಶತಮಾನದ ‘ಮಾನಸೋಲ್ಲಾಸ’, ಮೂರನೆಯ ಮಂಗರಸನು ೧೬ನೆಯ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ ಈ ಮೂರೂ ಪಾಕವಿದ್ಯೆಯನ್ನು ವಿವರಿಸುತ್ತವೆ. ೧೮ನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪನಾಯಕನು ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವು ಪಾಕದ ಜೊತೆಗೆ ಪಾಕಶಾಲೆಯ ವಿನ್ಯಾಸವನ್ನೂ ಪ್ರಸ್ತಾಪಿಸುತ್ತದೆ. ವಾಸ್ತುಗ್ರಂಥಗಳು ಅಡುಗೆಮನೆಯನ್ನು ಅಗ್ನಿಯ ದಿಕ್ಕಾದ ಆಗ್ನೇಯದಲ್ಲಿ ನಿಲ್ಲಿಸುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಗ್ರಂಥಗಳಲ್ಲಿ ಕೆಲವು ಅರಮನೆಯ ಬಾಣಸವನ್ನು ಕಣ್ಣಮುಂದಿಟ್ಟುಕೊಂಡವು. ಸಂಸ್ಕೃತದ ‘ಮಹಾನಸ’ದಿಂದ ಬಂದ ಈ ‘ಬಾಣಸ’ದಲ್ಲಿ ದುಡಿಯುವವನು ಬಾಣಸಿಗ, ಗಂಡಸು. ಪಾಕಕ್ಕೆ ಆದರ್ಶವಾಗಿ ನಾವು ಹೆಸರಿಸುವ ನಳ, ಭೀಮ ಇಬ್ಬರೂ ಗಂಡಸರೇ. ದಿನದಿನವೂ ಎರಡು ಹೊತ್ತು ಬೇಯಿಸುವ ಹೆಣ್ಣಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ಅವಳ ಒಲೆಗೆ ಅಳತೆಯೂ ಇಲ್ಲ. ಹೀಗೆ ಬರಹದ ಅಡುಗೆಮನೆ ಮತ್ತು ಬದುಕಿನ ಅಡುಗೆಮನೆಗಳು ಪ್ರತ್ಯೇಕ ದಾರಿಗಳಲ್ಲಿ ಸಾಗಿಬಂದವು. ಬಡವರ ಒಂದೇ ಅಂಕಣದ ಮನೆಯಲ್ಲಿ ಆಗ್ನೇಯವೆಂಬುದು ಅರ್ಥವಿಲ್ಲದ ಮಾತು: ಅಲ್ಲಿ ಗಾಳಿ ನುಗ್ಗದ, ಮಳೆ ಸೋರದ ಮೂಲೆಯೇ ಅಡುಗೆಮನೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಒಲೆಯ ನೆತ್ತಿಯ ಅಟ್ಟವು ಮಳೆಗಾಲದ ಉಗ್ರಾಣವಾಯಿತು. ಬಯಲುಸೀಮೆಯ ಮಣ್ಣು ಮಾಳಿಗೆಯ ಮನೆಗಳಲ್ಲಿ ಒಲೆಯ ಮೇಲೆ ತೆರೆದ ಬೆಳಕಿಂಡಿಯು ಬೆಳಕು ತರುವ ದಾರಿಯೂ ಹೊಗೆ ಹೋಗುವ ದಾರಿಯೂ ಆಯಿತು. ಇವೆಲ್ಲ ಯಾವ ಶಾಸ್ತ್ರವೂ ವಿಧಿಸದ, ಹವೆ ಮತ್ತು ಬೆಳೆ ಕಲಿಸಿದ ವಿನ್ಯಾಸಗಳು.

ಕಲ್ಲು ಹೊರಗೆ ಹೋದದ್ದು

ಒಲೆ ಬದಲಾಗುವುದಕ್ಕೆ ಬಹಳ ಮುನ್ನವೇ ಅಡುಗೆಮನೆಯ ನೆಲ ಬದಲಾಗತೊಡಗಿತ್ತು. ಬೀಸುಕಲ್ಲು, ಒರಳುಕಲ್ಲು, ಒನಕೆಯ ಒರಳು ಇವು ಅಡುಗೆಮನೆಯಲ್ಲೋ ಅದಕ್ಕಂಟಿದ ನಡುಮನೆಯಲ್ಲೋ ನೆಲದಲ್ಲಿ ಹೂತು ನಿಂತವು. ಅವುಗಳ ಸುತ್ತ ಕಾಲು ಚಾಚಿ ಕೂರಲು, ಇಬ್ಬರು ಎದುರುಬದುರಾಗಿ ಗೂಟ ಹಿಡಿಯಲು ಜಾಗ ಬೇಕು. ಮನೆ ಕಟ್ಟುವಾಗ ಈ ಜಾಗ ಲೆಕ್ಕಕ್ಕೆ ಬರುತ್ತಿತ್ತು. ಹಿಟ್ಟಿನ ಗಿರಣಿಯು ಊರಿಂದೂರಿಗೆ ಹಬ್ಬಿದಂತೆ ಮೊದಲು ಬೀಸುಕಲ್ಲು, ಅಕ್ಕಿಯ ಗಿರಣಿ ಬಂದಂತೆ ಒನಕೆ ಮೂಲೆ ಸೇರಿದವು. ೧೯೫೦ರ ದಶಕದ ಮಧ್ಯಭಾಗದಲ್ಲಿ ಕೊಯಮತ್ತೂರಿನಲ್ಲಿ ರೂಪುಗೊಂಡ ವಿದ್ಯುತ್ ರುಬ್ಬುವ ಯಂತ್ರ ಮತ್ತು ೧೯೬೦ರ ದಶಕದಲ್ಲಿ ಮುಂಬಯಿಯಿಂದ ಬಂದ ಮಿಕ್ಸಿಗಳು ಮುಂದೆ ಒರಳುಕಲ್ಲನ್ನೂ ಹಿತ್ತಿಲಿಗೆ ಕಳಿಸಿದವು.

ಜಾನಪದ ವಿದ್ವಾಂಸರಿಗೆ ಈ ಘಟನೆ ಹೆಚ್ಚಾಗಿ ಹಾಡಿನ ನಷ್ಟವಾಗಿ ಕಂಡಿದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವು ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಿಗೆ ಕನ್ನಡ ಸಾಹಿತ್ಯದಲ್ಲಿ ಗೌರವದ ಸ್ಥಾನ ದೊರಕಿಸಿತು. ಕಲ್ಲು ನಿಂತಾಗ ಆ ಹಾಡಿನ ನೆಲೆಯೂ ನಿಂತಿತೆಂಬುದು ಸತ್ಯ. ಆದರೆ ಬೆಳಗಿನ ಜಾವ ಎದ್ದು ಮನೆಮಂದಿಗೆಲ್ಲ ರಾಗಿಯನ್ನೋ ಜೋಳವನ್ನೋ ಬೀಸಿದ ತೋಳುಗಳ ಕಡೆಯಿಂದ ನೋಡಿದರೆ ಗಿರಣಿಯು ಬಿಡುಗಡೆಯ ಸಾಧನ. ಹಾಡಿಗಾಗಿ ಮರುಗುವ ಅಧ್ಯಯನವು ಹಾಡಿದವಳ ಬೆನ್ನುನೋವನ್ನು ಮರೆಯಬಾರದು. ಯಂತ್ರಗಳು ಕಲ್ಲಿನ ಕೆಲಸವನ್ನು ವಹಿಸಿಕೊಂಡವು. ಕಲ್ಲಿನ ಸುತ್ತ ಇದ್ದ ಕೂಡುವ ಜಾಗವನ್ನು ಮಾತ್ರ ಹೊಸ ಮನೆಯ ನಕ್ಷೆ ಮರಳಿ ಕೊಡಲಿಲ್ಲ. ಎದುರುಬದುರು ಕೂತು ಇಬ್ಬರು ಮಾಡುತ್ತಿದ್ದ ಕೆಲಸವನ್ನು ಈಗ ಗೋಡೆಗೆ ಮುಖ ಮಾಡಿ ನಿಂತು ಒಬ್ಬಳೇ ಮಾಡುತ್ತಾಳೆ.

ಬೆಂಕಿ ಮೇಲೇರಿದ್ದು

ಎರಡನೆಯ ಬದಲಾವಣೆ ಬೆಂಕಿಗೆ ಸಂಬಂಧಿಸಿದ್ದು. ಅದು ಹೊಗೆಯ ಪ್ರಶ್ನೆಯಾಗಿ ಆರಂಭವಾಯಿತು. ಹೊಗೆಗೆ ಮನೆಯ ಬದುಕಿನಲ್ಲಿ ಕೆಲವು ಉಪಯೋಗಗಳಿದ್ದುವೆಂಬುದನ್ನು ಅಲ್ಲಗಳೆಯಲಾಗದು. ಒಲೆಯ ಮೇಲಣ ಅಟ್ಟದಲ್ಲಿ ಬೀಜದ ತೆನೆ, ಕೊಬ್ಬರಿ, ಒಣಮೀನು ಹುಳ ಹಿಡಿಯದೆ ಉಳಿಯುತ್ತಿದ್ದವು. ಹುಲ್ಲು ಹೊದಿಸಿದ ಮಾಡಿನ ಬಿದಿರು ಬಾಳಿಕೆ ಬರುತ್ತಿತ್ತು. ಆದರೆ ಅದೇ ಹೊಗೆ ಊದುಕೊಳವೆ ಹಿಡಿದವಳ ಕಣ್ಣಿಗೂ ಎದೆಗೂ ಇಳಿಯುತ್ತಿತ್ತು, ಅವಳ ಮಡಿಲಲ್ಲಿದ್ದ ಕೂಸಿನ ಎದೆಗೂ ಇಳಿಯುತ್ತಿತ್ತು. ಮನೆಯೊಳಗಿನ ಹೊಗೆಯಿಂದ ೨೦೨೦ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದ್ದರಿಂದ ಅಡುಗೆಮನೆಯ ಮರುವಿನ್ಯಾಸವನ್ನು ಅಂದಚಂದದ ಮಾತೆಂದು ತಳ್ಳಿಹಾಕುವಂತಿಲ್ಲ.

ಹೊಗೆರಹಿತ ಒಲೆಯ ಚಿಂತನೆ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಗಟ್ಟಿಗೊಂಡಿತು. ವಾರ್ಧಾದ ಮಗನವಾಡಿಯಲ್ಲಿ ಮಗನ್ ಒಲೆ ರೂಪುಗೊಂಡಿತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಎಸ್.ಪಿ. ರಾಜು ಅವರು ಹೊಗೆಕೊಳವೆಯುಳ್ಳ ಒಲೆಯನ್ನು ಸಿದ್ಧಪಡಿಸಿ, ೧೯೫೩ರಲ್ಲಿ ಕೋಟ್ಯಂತರ ಜನರ ಅಡುಗೆಮನೆಗಳನ್ನು ಹೊಗೆಯಿಂದ ಮುಕ್ತಗೊಳಿಸುವ ಕುರಿತೇ ಪುಸ್ತಕವೊಂದನ್ನು ಪ್ರಕಟಿಸಿದರು. ಬೀದರ, ಕಲಬುರಗಿ, ರಾಯಚೂರು ಸೀಮೆಗಳು ಆಗಿನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದುವೆಂಬುದನ್ನು ಇಲ್ಲಿ ನೆನೆಯಬಹುದು.

ಕರ್ನಾಟಕದೊಳಗೆ ಈ ಪ್ರಶ್ನೆಯನ್ನು ವೈಜ್ಞಾನಿಕವಾಗಿ ಕೈಗೆತ್ತಿಕೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಈ ತಂಡ ನಡೆಸಿದ ಅಧ್ಯಯನವು ಹಳ್ಳಿ ಬಳಸುವ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತದೆ, ಅದರ ಬಹುಪಾಲು ಅಡುಗೆಗೇ ವ್ಯಯವಾಗುತ್ತದೆ ಎಂಬುದನ್ನು ಅಂಕಿಅಂಶಗಳಲ್ಲಿ ತೋರಿಸಿತು. ಈ ಸೌದೆಯನ್ನು ಹೊತ್ತು ತರುವ ದುಡಿಮೆಯಲ್ಲಿ ಹೆಂಗಸರ ಮತ್ತು ಮಕ್ಕಳ ಪಾಲು ದೊಡ್ಡದಿತ್ತು. ೧೯೮೦ರ ದಶಕದಲ್ಲಿ ಹೊರಬಂದ ‘ಅಸ್ತ್ರ ಒಲೆ’ ಈ ಅರಿವಿನ ಫಲ. ಏಕಕಾಲಕ್ಕೆ ಮೂರು ಪಾತ್ರೆಗಳನ್ನು ಕೂರಿಸಬಹುದಾದ, ಉರಿಗೂಡನ್ನು ಮುಚ್ಚಿದ, ಕೆಳಗೆ ಜಾಲರಿಯುಳ್ಳ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆ ಕಳುಹಿಸುವ ಒಲೆ ಅದು. ಕೇಂದ್ರ ಸರ್ಕಾರವು ೧೯೮೩ರ ಸುಮಾರಿಗೆ ಆರಂಭಿಸಿ ೨೦೦೨ರವರೆಗೆ ನಡೆಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದ ಕಾಲದಲ್ಲಿ ಇಂಥ ಒಲೆಗಳು ಹಳ್ಳಿಹಳ್ಳಿಗೂ ಬಂದವು.

ಈ ಒಲೆಗಳ ಮುಂದಿನ ಕಥೆ ನಮ್ಮ ಪ್ರತಿಪಾದನೆಗೆ ಮುಖ್ಯವಾದುದು. ಉರಿಗೂಡಿನ ಬಾಯಿ ಚಿಕ್ಕದಾಗಿದ್ದರೆ ಉರಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದಕ್ಕೆ ಸೌದೆಯನ್ನು ಸಣ್ಣಗೆ ಸೀಳಬೇಕು. ಸೀಳುವ ಕೊಡಲಿ ಗಂಡಸಿನ ಕೈಯಲ್ಲಿ, ಅಡುಗೆಯ ಅವಸರ ಹೆಂಗಸಿನ ಕೈಯಲ್ಲಿ. ಅವಳು ಒಲೆಯ ಬಾಯಿಯನ್ನೇ ಅಗಲಿಸಿದಳು. ಹಂಚಿನ ಮಾಡಿಗೆ ಕೊಳವೆಯ ತೂತು ಕೊರೆದರೆ ಮಳೆಗಾಲದಲ್ಲಿ ಸೋರುವ ಭಯ; ಕೊಳವೆಯಲ್ಲಿ ಮಸಿ ಕಟ್ಟಿದರೆ ಅದನ್ನು ತೆಗೆಯಲು ಮಾಡು ಹತ್ತುವವರಿಲ್ಲ. ಮುದ್ದೆಯ ದೊಡ್ಡ ಪಾತ್ರೆಗೆ ಹೊಸ ಒಲೆಯ ಕಣ್ಣು ಸಾಲದಿದ್ದರೆ ಕಣ್ಣು ಒಡೆಯಿತು. ತಜ್ಞರ ವರದಿಗಳಲ್ಲಿ ಇಂಥ ತಿದ್ದುಪಡಿಗಳು ಬಳಕೆದಾರರ ಅಜ್ಞಾನವೆಂದೋ ನಿರ್ವಹಣೆಯ ಲೋಪವೆಂದೋ ದಾಖಲಾಗುವುದುಂಟು. ಉರಿಯ ಲೆಕ್ಕ ಕೆಟ್ಟಿತೆಂಬುದು ನಿಜವೇ. ಬಾಯಿ ಅಗಲವಾದ ಒಲೆ ಸೌದೆಯನ್ನೂ ಹೆಚ್ಚು ತಿನ್ನುತ್ತದೆ, ಹೊಗೆಯನ್ನೂ ಹೊರಚೆಲ್ಲುತ್ತದೆ. ಆದರೂ ಆ ಒಡೆದ ಬಾಯಿಯನ್ನು ಒಂದು ಉತ್ತರವಾಗಿ ಓದಿದ್ದರೆ ಮುಂದಿನ ನಕ್ಷೆ ಬೇರೆಯಾಗಬಹುದಿತ್ತು.

ಪುರ ಗ್ರಾಮದ ಅನುಭವವೇ ಇದಕ್ಕೆ ನಿದರ್ಶನ. ಅಲ್ಲಿ ಸಗಣಿಯ ಸಾಮುದಾಯಿಕ ಅನಿಲ ಸ್ಥಾವರವನ್ನು ಮೊದಲು ಯೋಜಿಸಿದ್ದು ಅಡುಗೆಗೆ ಅನಿಲ ಒದಗಿಸಲು. ಆ ಯತ್ನ ನೆಲೆಗೊಳ್ಳಲಿಲ್ಲ. ೧೯೮೭ರಿಂದ ಅದೇ ಅನಿಲದಿಂದ ವಿದ್ಯುತ್ ಉತ್ಪಾದಿಸಿ, ಕೊಳವೆ ಬಾವಿಯ ನೀರನ್ನೆತ್ತಿ ನಲ್ಲಿಗಳಿಗೆ ಹರಿಸಿದಾಗ, ಮನೆಗಳಿಗೆ ದೀಪ ಕೊಟ್ಟಾಗ ಹಳ್ಳಿಯೇ ಯೋಜನೆಯನ್ನು ತನ್ನದಾಗಿಸಿಕೊಂಡಿತು. ನಕ್ಷೆಯು ಬೆಂಕಿಯಿಂದ ಆರಂಭವಾಗಿತ್ತು, ಊರಿನ ಅಗತ್ಯವು ನೀರಿನಿಂದ ಆರಂಭವಾಗುತ್ತಿತ್ತು. ಅದನ್ನು ಅರಿತು ಯೋಜನೆಯ ದಿಕ್ಕನ್ನೇ ಬದಲಿಸಿದ್ದು ಆ ತಂಡದ ದೊಡ್ಡತನವೆನ್ನಬೇಕು.

ಬೆಂಕಿಯನ್ನು ಕೊನೆಗೂ ನೆಲದಿಂದ ಮೇಲೆತ್ತಿದ್ದು ಅನಿಲದ ಸಿಲಿಂಡರು. ೧೯೫೫ರಲ್ಲಿ ಮುಂಬಯಿಯಲ್ಲಿ ಮಾರಾಟಕ್ಕೆ ಬಂದ ಅಡುಗೆ ಅನಿಲ, ೧೯೬೫ರಲ್ಲಿ ಇಂಡೇನ್ ಹೆಸರಿನಲ್ಲಿ ಸಾರ್ವಜನಿಕ ಸಂಸ್ಥೆಯ ಕೈಯಿಂದ ಬಂದು ಪೇಟೆಯ ಮಧ್ಯಮವರ್ಗವನ್ನು ತಲುಪಿತು. ಸಿಲಿಂಡರು ಕೆಳಗಿದ್ದು ಒಲೆ ಅದಕ್ಕಿಂತ ಮೇಲಿರಬೇಕೆಂಬ ಕಾರಣಕ್ಕೆ ಕಟ್ಟೆ ಅನಿವಾರ್ಯವಾಯಿತು. ಕಟ್ಟೆಗೆ ಕಡಪದ ಕಲ್ಲು, ಆಮೇಲೆ ಗ್ರಾನೈಟ್ ಬಂತು. ಕಟ್ಟೆಯೊಂದಿಗೆ ನಿಂತು ಬೇಯಿಸುವ ಭಂಗಿ ಬಂತು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಮತ್ತು ಆ ಬಳಿಕ ಕರ್ನಾಟಕ ಸರ್ಕಾರ ರೂಪಿಸಿದ ಅನಿಲ ಭಾಗ್ಯ ಯೋಜನೆಗಳು ಇದೇ ಒಲೆಯನ್ನು ಬಡವರ ಮನೆಗೂ ಒಯ್ಯಲು ಹೊರಟವು. ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳ ಪ್ರಮಾಣ ದೇಶದಲ್ಲಿ ೨೦೧೫–೧೬ರಲ್ಲಿ ಶೇ. ೪೩.೮ ಇದ್ದುದು ೨೦೧೯–೨೧ರ ವೇಳೆಗೆ ಶೇ. ೫೮.೬ಕ್ಕೆ ಏರಿತೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುತ್ತದೆ. ಏರಿಕೆ ದೊಡ್ಡದು; ಆದರೆ ಆ ವೇಳೆಗೂ ಹತ್ತರಲ್ಲಿ ನಾಲ್ಕು ಮನೆಗಳು ಹೊಗೆಯ ಒಲೆಯನ್ನೇ ಮುಖ್ಯವಾಗಿ ನಂಬಿದ್ದವೆಂಬುದೂ ಅದೇ ಅಂಕಿಯೊಳಗಿದೆ.

ಮುದ್ದೆ ಮತ್ತು ರೊಟ್ಟಿಯ ತಕರಾರು

ನಿಂತು ಬೇಯಿಸುವ ಕಟ್ಟೆಯ ಮೂಲ ನಮ್ಮ ನೆಲದ್ದಲ್ಲ. ಇಂದಿನ ನಗರಗಳ ಅಡುಗೆಮನೆಯ ಜೋಡಣೆಗೆ ಪೂರ್ವಜವೆನ್ನಬಹುದಾದುದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ವಸತಿಗಳಿಗಾಗಿ ಮಾರ್ಗರೆಟೆ ಶ್ಯೂಟ್ಟೆ-ಲಿಹೊಟ್‌ಸ್ಕಿ ಎಂಬ ವಾಸ್ತುಶಿಲ್ಪಿ ೧೯೨೬ರಲ್ಲಿ ರೂಪಿಸಿದ ಅಡುಗೆಮನೆ. ಕಾರ್ಖಾನೆಯಲ್ಲಿ ಕೆಲಸದ ಚಲನೆಗಳನ್ನು ಅಳೆಯುವಂತೆ ಅಡುಗೆಯ ಹೆಜ್ಜೆಗಳನ್ನೂ ಅಳೆದು, ಕಿರಿದಾದ ಜಾಗದಲ್ಲಿ ಕಟ್ಟೆ, ಒಲೆ, ನೀರಿನ ತೊಟ್ಟಿ, ಕಪಾಟುಗಳನ್ನು ಜೋಡಿಸಿದ ವಿನ್ಯಾಸವದು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದು ಅಳವಟ್ಟಿತು. ಹೆಂಗಸರ ಶ್ರಮವನ್ನು ಇಳಿಸಬೇಕೆಂಬ ಪ್ರಾಮಾಣಿಕ ಆಶಯ ಅದರ ಹಿಂದಿತ್ತು. ಆ ನಕ್ಷೆ ಬರೆಯುವವರೆಗೆ ತಾವು ಅಡುಗೆ ಮಾಡಿದವರೇ ಅಲ್ಲವೆಂದು ಅವರೇ ಮುಂದೆ ಹೇಳಿಕೊಂಡದ್ದು ಪ್ರಸಿದ್ಧ. ನಕ್ಷೆ ಹಾಕುವವರಿಗೂ ಒಲೆಗೂ ಇರುವ ಅಂತರವು ಗಂಡು ಹೆಣ್ಣೆಂಬ ಭೇದವನ್ನೂ ಮೀರಿದ್ದೆಂಬುದಕ್ಕೆ ಇದು ಸಾಕ್ಷಿ.

ಆ ಕಟ್ಟೆ ಕರ್ನಾಟಕಕ್ಕೆ ಬಂದಾಗ ಇಲ್ಲಿನ ಊಟ ಅದಕ್ಕೆ ಎರಡು ಕಡೆ ತಕರಾರು ತೆಗೆಯಿತು. ಹಳೆಯ ಮೈಸೂರಿನ ರಾಗಿಮುದ್ದೆ ಮೊದಲನೆಯದು. ಬೆಂದ ಹಿಟ್ಟನ್ನು ಗಂಟಿಲ್ಲದಂತೆ ತಿರುವಬೇಕಾದರೆ ಪಾತ್ರೆಯನ್ನು ನೆಲಕ್ಕಿಳಿಸಿ, ಪಾದಗಳಿಂದಲೋ ಕವೆಗೋಲಿನಿಂದಲೋ ಅದುಮಿ ಹಿಡಿದು, ಎರಡೂ ಕೈಗಳಲ್ಲಿ ಕೋಲು ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಬಿಡಬೇಕು. ಎದೆಮಟ್ಟದಲ್ಲಿರುವ ಪಾತ್ರೆಗೆ ಈ ಭಾರ ಬೀಳದು. ಪಾತ್ರೆಯೂ ಒಲೆಯ ಮೇಲೆ ನಿಲ್ಲದು. ಎರಡನೆಯದು ಉತ್ತರ ಕರ್ನಾಟಕದ ಜೋಳದ ರೊಟ್ಟಿ. ಕಟ್ಟಿಗೆಯ ಕೊಣಮಿಗೆಯ ಮುಂದೆ ಕೂತು, ಬಿಸಿನೀರಿನಲ್ಲಿ ನಾದಿದ ಹಿಟ್ಟನ್ನು ಅಂಗೈಯಿಂದ ಬಡಿದು ತಿರುಗಿಸುತ್ತ ಅಗಲಿಸುವ ಕೆಲಸಕ್ಕೆ ಭುಜಕ್ಕಿಂತ ಬಹಳ ಕೆಳಗಿನ ಮಟ್ಟ ಬೇಕು. ಇಪ್ಪತ್ತು ಮೂವತ್ತು ರೊಟ್ಟಿಗಳನ್ನು ನಿಂತು ಬಡಿದರೆ ಭುಜ ಸೋಲುತ್ತದೆ.

ಈ ತಕರಾರಿಗೆ ಮನೆಗಳು ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಮಂಡ್ಯದ ಕಡೆಯ ಹೊಸ ಮನೆಗಳಲ್ಲಿ ಕಟ್ಟೆಯ ಮೇಲೆ ಬೆಂದ ಹಿಟ್ಟು ನೆಲಕ್ಕಿಳಿದು ಮುದ್ದೆಯಾಗುತ್ತದೆ. ವಿಜಯಪುರ, ಬಾಗಲಕೋಟೆಗಳ ಕಡೆ ಕಟ್ಟೆಯ ಒಲೆಯಲ್ಲಿ ಚಹಾ, ಅನ್ನ, ಪಲ್ಯ. ಹಿತ್ತಲಿನ ತಗಡಿನ ಮಾಡಿನಡಿಯ ನೆಲದ ಒಲೆಯಲ್ಲಿ ರೊಟ್ಟಿ. ಕೆಲವರು ಸಣ್ಣ ಅನಿಲ ಒಲೆಯನ್ನೇ ನೆಲದ ಮೇಲಿಟ್ಟುಕೊಂಡು ಕೂತು ರೊಟ್ಟಿ ಸುಡುತ್ತಾರೆ. ಸಿಲಿಂಡರು ಬಂದ ಮೇಲೂ ಸೌದೆಯ ಒಲೆ ಏಕೆ ಉಳಿಯಿತೆಂಬ ಪ್ರಶ್ನೆಗೆ ಬೆಲೆಯೊಂದೇ ಉತ್ತರವಲ್ಲ. ಸಿಲಿಂಡರಿನ ಬೆಲೆ ದೊಡ್ಡ ಕಾರಣ ಹೌದು. ಜೊತೆಗೆ ಕಟ್ಟೆಯ ಎತ್ತರವೂ ಒಂದು ಕಾರಣ. ಊಟಕ್ಕೆ ಒಗ್ಗದ ಎತ್ತರದಲ್ಲಿಟ್ಟ ಶುದ್ಧ ಒಲೆ, ಹೊಗೆಯ ಒಲೆಯನ್ನು ಹಿತ್ತಿಲಿಗೆ ತಳ್ಳಿತಲ್ಲದೆ ಆರಿಸಲಿಲ್ಲ.

ನೀರು ಒಳಗೆ ಬಂದದ್ದು

ಮೂರನೆಯ ಬದಲಾವಣೆ ನೀರಿನದು. ಬಾವಿಯಿಂದಲೋ ಕೆರೆಯಿಂದಲೋ ತಂದ ನೀರು ಕೊಡಗಳಲ್ಲಿ ಅಡುಗೆಮನೆ ಸೇರುತ್ತಿತ್ತು. ಪಾತ್ರೆ ತೊಳೆಯುವುದು ಮಾತ್ರ ಹೊರಗೆ. ಕುಡಿಯುವ ನೀರು ಒಳಗೆ, ಮುಸುರೆ ಹೊರಗೆ ಎಂಬ ವಿಭಜನೆಯಲ್ಲಿ ಶುಚಿತ್ವದ ವಿವೇಕವೂ ಇತ್ತು, ಮಡಿಮೈಲಿಗೆಯ ಕಟ್ಟಳೆಯೂ ಇತ್ತು. ಅಡುಗೆಮನೆ ದೇವರಮನೆಗೆ ಒತ್ತಿಕೊಂಡಿದ್ದ ಮನೆಗಳಲ್ಲಿ ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಹೊಸ್ತಿಲುಗಳೇ ನಿರ್ಧರಿಸುತ್ತಿದ್ದವು: ನೆಂಟರು ಒಂದು ಹೊಸ್ತಿಲವರೆಗೆ, ಆಳುಗಳು ಇನ್ನೊಂದರವರೆಗೆ, ಮುಟ್ಟಾದ ಹೆಂಗಸು ಹೊರಗೆ, ದಲ್ಲರೆನಿಸಿಕೊಂಡ ಕೇರಿಯವರು ಅಂಗಳದ ಆಚೆ. ಅಡುಗೆಮನೆಯ ನಕ್ಷೆಯು ಹೀಗೆ ಜಾತಿಯ ನಕ್ಷೆಯೂ ಆಗಿತ್ತು.

ಅಬ್ದುಲ್ ನಜೀರ್ ಸಾಬ್ ಅವರು ೧೯೮೦ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಹಳ್ಳಿಹಳ್ಳಿಗೂ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ನೀರಿನ ದೂರವನ್ನು ತಗ್ಗಿಸಿದ ಆ ಕೆಲಸವನ್ನು ಅಡುಗೆಮನೆಯ ಚರಿತ್ರೆಯ ಭಾಗವಾಗಿಯೂ ಓದಬೇಕು. ೨೦೧೯ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಮನೆಮನೆಗೂ ನಲ್ಲಿಯನ್ನು ಗುರಿಯಾಗಿಸಿಕೊಂಡಿತು. ನಗರಗಳಲ್ಲಿ ನಲ್ಲಿಯು ಕಟ್ಟೆಯ ಪಕ್ಕಕ್ಕೇ ಬಂದು ತೊಳೆಯುವ ತೊಟ್ಟಿಯಾಯಿತು. ಅದರೊಡನೆ ಮುಸುರೆಯೂ ಒಳಗೆ ಬಂತು.

ಇದಕ್ಕೂ ಮನೆಗಳು ತಮ್ಮದೇ ತಿದ್ದುಪಡಿ ಮಾಡಿದವು. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಅಡುಗೆಮನೆಗಂಟಿ ‘ಯುಟಿಲಿಟಿ’ ಎಂಬ ಪುಟ್ಟ ಜಾಗ ಬಿಡುವುದು ರೂಢಿಯಾಗಿದೆ. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ಪೊರಕೆ ಇಡಲು ಇರುವ ಈ ಜಾಗವು ಹಿತ್ತಿಲಿನ ವಾರಸುದಾರ. ಹತ್ತನೆಯ ಮಹಡಿಯಲ್ಲೂ ಹಿತ್ತಿಲನ್ನು ಬಿಟ್ಟುಕೊಡದ ಈ ಹಟದಲ್ಲಿ ಕೆಲಸದ ಅನುಕೂಲವಿದೆ. ಅದೇ ಹೊತ್ತಿಗೆ, ಪಾತ್ರೆ ತೊಳೆಯಲು ಬರುವ ಹೆಂಗಸು ಅಲ್ಲಿಗಷ್ಟೇ ಬಂದು ಹೋಗುವಂತೆ, ಒಲೆಯ ಬಳಿ ಸುಳಿಯದಂತೆ ನೋಡಿಕೊಳ್ಳುವ ಮನೆಗಳೂ ಇವೆ. ಹಳೆಯ ಹೊಸ್ತಿಲು ಇಲ್ಲಿ ಟೈಲ್ಸಿನ ನೆಲದ ಮೇಲೆ ಕಾಣದ ಗೆರೆಯಾಗಿ ಉಳಿದಿದೆ. ಜನಪದರ ತಿದ್ದುಪಡಿಗಳನ್ನೆಲ್ಲ ಮೆಚ್ಚಿ ಬರೆಯುವ ಅಧ್ಯಯನ ಈ ಗೆರೆಯನ್ನೂ ಕಾಣಬೇಕು.

ಬಡವರ ಅಡುಗೆಮನೆಗೆ ನಕ್ಷೆ

ಸ್ವಂತ ಹಣದಲ್ಲಿ ಅಡುಗೆಮನೆಯನ್ನು ಬದಲಿಸುವವರ ಮಾತು ಒಂದು ಬಗೆಯಾದರೆ, ಸರ್ಕಾರ ಕಟ್ಟಿಸಿಕೊಟ್ಟ ಅಥವಾ ಕಟ್ಟಲು ನೆರವಾದ ಮನೆಗಳ ಮಾತು ಮತ್ತೊಂದು ಬಗೆ. ಜನತಾ ಮನೆ, ಆಶ್ರಯ ಮನೆ, ಇಂದಿರಾ ಆವಾಸ್ ಮನೆಗಳು ಲಕ್ಷಾಂತರ ಕುಟುಂಬಗಳಿಗೆ ಮೊದಲ ಬಾರಿಗೆ ಗಟ್ಟಿ ಸೂರು ಕೊಟ್ಟವು. ಇಂದಿರಾ ಆವಾಸ್ ಯೋಜನೆಯು ಹೊಗೆರಹಿತ ಒಲೆಯನ್ನೂ ಮನೆಯ ಅಂಗವಾಗಿ ಸೇರಿಸಿತ್ತು. ೨೦೧೬ರಲ್ಲಿ ಅದರ ಸ್ಥಾನಕ್ಕೆ ಬಂದ ಗ್ರಾಮೀಣ ಪ್ರಧಾನ ಮಂತ್ರಿ ಆವಾಸ್ ಯೋಜನೆಯು ಮನೆಯ ಕನಿಷ್ಠ ಅಳತೆಯನ್ನು ೨೦ರಿಂದ ೨೫ ಚದರ ಮೀಟರಿಗೆ ಏರಿಸಿ, ಶುಚಿಯಾದ ಅಡುಗೆಗೆ ಪ್ರತ್ಯೇಕ ಜಾಗವಿರಬೇಕೆಂದು ಹೇಳಿತು. ಅಡುಗೆಯ ಜಾಗವು ಸರ್ಕಾರಿ ನಕ್ಷೆಯಲ್ಲಿ ಹೀಗೆ ಹೆಸರು ಪಡೆದದ್ದು ಸಣ್ಣ ಸಂಗತಿಯಲ್ಲ.

ಆದರೆ ಇಂಥ ಮನೆಗಳಲ್ಲಿ ವಾಸ ಆರಂಭವಾದ ಕೆಲವೇ ದಿನಗಳಲ್ಲಿ ಹಿಂಬದಿಗೆ ಗರಿಯದೋ ತಗಡಿನದೋ ಇಳಿಜಾರು ಮಾಡು ಹುಟ್ಟಿಕೊಳ್ಳುವುದು ಸಾಮಾನ್ಯ. ಅಡುಗೆ ಅಲ್ಲಿಗೆ ಸಾಗುತ್ತದೆ. ಅಡುಗೆಗೆಂದು ಬಿಟ್ಟ ಜಾಗದಲ್ಲಿ ಧಾನ್ಯದ ಚೀಲ, ಹಾಸಿಗೆ, ಮಕ್ಕಳ ಪುಸ್ತಕಗಳು ಸೇರುತ್ತವೆ. ಕಾಂಕ್ರೀಟ್ ಸೂರಿನಡಿ ಹೊಗೆ ನಿಲ್ಲುತ್ತದೆ, ಸೆಕೆ ಹೆಚ್ಚುತ್ತದೆ, ಕೂರಲು ಜಾಗ ಸಾಲದು ಎಂಬುದು ಈ ಮಾಡು ಹೇಳುವ ಮಾತು. ಈ ಮಾಡು ಯಾವ ನಕ್ಷೆಯಲ್ಲೂ ಇಲ್ಲ, ಊರೂರಲ್ಲೂ ಇದೆ.

ಸಮಾರೋಪ

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ನಮ್ಮ ಹಿರಿಯರ ಗೃಹೋಪಯೋಗಿ ವಸ್ತುಗಳು ಅಕ್ಕರೆಯಿಂದ ಉಳಿದಿವೆ. ಆ ಕಾರ್ಯಕ್ಕೆ ನಾಡು ಋಣಿಯಾಗಿದೆ. ಆದರೆ ವಸ್ತುವನ್ನು ಅದರ ಜಾಗದಿಂದ ಎತ್ತಿ ತಂದಾಗ ಎತ್ತರ, ದೂರ, ದಿಕ್ಕು, ಭಂಗಿಗಳು ಹಿಂದೆಯೇ ಉಳಿಯುತ್ತವೆ. ಹಳೆಯ ಮನೆಗಳು ಇಂದು ದಿನವೂ ಉರುಳುತ್ತಿವೆ. ಒಂದು ಅಡುಗೆಮನೆಯನ್ನು ಕೆಡವುವ ಮುನ್ನ ಅದರ ನಕ್ಷೆಯನ್ನು ಅಳತೆಸಮೇತ ಬರೆದಿಟ್ಟುಕೊಳ್ಳುವುದು, ಅಲ್ಲಿ ದುಡಿದವರ ದಿನಚರಿಯನ್ನು ಅವರ ಮಾತಿನಲ್ಲೇ ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ತುರ್ತು ಭಾಗವಾಗಬೇಕು. ಹಾಡು, ಕಥೆ, ಗಾದೆಗಳಿಗೆ ನಾವು ಕೊಟ್ಟ ಶ್ರದ್ಧೆ ಒಲೆಯ ಅಳತೆಗೂ ಸಲ್ಲಬೇಕು.

ಈ ದಾಖಲೆಯಿಂದ ಗತವನ್ನು ತಿಳಿದಂತೆಯೂ ಆಗುತ್ತದೆ, ಮುಂದಿನ ಕಟ್ಟಡಕ್ಕೆ ದಾರಿಯೂ ಸಿಗುತ್ತದೆ. ಅಡುಗೆಮನೆಯನ್ನು ಮರುವಿನ್ಯಾಸಗೊಳಿಸುವವರು, ಅದು ಸರ್ಕಾರದ ವಸತಿ ಯೋಜನೆಯಾಗಿರಲಿ ಒಂದು ಕುಟುಂಬದ ದುರಸ್ತಿಯಾಗಿರಲಿ, ಕೆಲವು ಪ್ರಶ್ನೆಗಳನ್ನು ಮೊದಲು ಕೇಳಬೇಕಾಗುತ್ತದೆ. ಈ ಮನೆಯ ಮುಖ್ಯ ಊಟ ಯಾವುದು, ಅದರ ಯಾವ ಹಂತ ಕೂತು ಮಾಡುವಂಥದು? ಕೂತು ಮಾಡುವ ಕೆಲಸಕ್ಕೆ ತಗ್ಗಿನ ಕಟ್ಟೆಯನ್ನೋ ಶುದ್ಧ ಇಂಧನದ ನೆಲದ ಒಲೆಯನ್ನೋ ಗಾಳಿಯಾಡುವ ಜಾಗದಲ್ಲಿ ಕೊಡಲು ಸಾಧ್ಯವೇ? ಇಬ್ಬರು ಮುಖ ನೋಡಿ ಮಾತಾಡುತ್ತ ಕೆಲಸ ಮಾಡಲು ಜಾಗವಿದೆಯೇ? ಪಾತ್ರೆ ತೊಳೆಯುವವರು ಒಲೆಯವರೆಗೂ ಬರಬಹುದೇ? ಮನೆಯ ಗಂಡಸರೂ ಮುದ್ದೆಕೋಲು ಹಿಡಿಯುವಂತೆ ಆ ಜಾಗ ಅವರನ್ನು ಒಳಗೆ ಕರೆಯುತ್ತದೆಯೇ?

ಕಲ್ಲು ಹೊರಗೆ ಹೋದದ್ದು, ಬೆಂಕಿ ಮೇಲೇರಿದ್ದು, ನೀರು ಒಳಗೆ ಬಂದದ್ದು ಇವು ಮೂರೂ ಹೆಣ್ಣಿನ ಹೊರೆಯನ್ನು ಒಂದಿಷ್ಟು ಇಳಿಸಿವೆ. ಹಿಂದಕ್ಕೆ ಹೋಗುವ ಮಾತು ಇಲ್ಲಿ ಸಲ್ಲದು. ಉಳಿದ ಹೊರೆಯನ್ನು ಇಳಿಸಬೇಕಾದರೆ ಗೇಣು ಮೊಳಗಳಲ್ಲಿ ಒಲೆ ಹಾಕಿದವಳ ಅಳತೆ ಮತ್ತೆ ನಕ್ಷೆಯೊಳಗೆ ಬರಬೇಕು. ಗಾರೆಯವರು ದಾರ ಹಿಡಿಯುವ ಮೊದಲು ಅವಳನ್ನು ಒಲೆಯ ಜಾಗದಲ್ಲಿ ಕೂರಿಸಿ, ಕೈ ಎಲ್ಲಿಯವರೆಗೆ ಎಟಕುತ್ತದೆಂದು ಕೇಳುವುದರಿಂದ ಕೆಲಸ ಆರಂಭವಾಗಲಿ.